ಹೊಲದ ತಾಕಿನಿಂದ ಆಸ್ಪತ್ರೆಗೆ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ಪ್ರಯೋಗಗಳು

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿ ಬಂದವರಿಗೆ ಪ್ರಯೋಗದ ತಾಕುಗಳು ಹೊಸವಲ್ಲ. ಒಂದು ತಳಿಯನ್ನು ಎರಿ ಹೊಲದಲ್ಲಿ, ಇನ್ನೊಂದನ್ನು ಮಸಾರಿಯಲ್ಲಿ ಬಿತ್ತಿ ಇಳುವರಿ ತೂಗಿದರೆ, ಹೆಚ್ಚು ಬಂದದ್ದು ತಳಿಯ ಗುಣದಿಂದಲೋ ಮಣ್ಣಿನ ಗುಣದಿಂದಲೋ ತಿಳಿಯುವುದಿಲ್ಲ. ಆದ್ದರಿಂದ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ಗೊತ್ತುಮಾಡುತ್ತಾರೆ. ಈ ಕ್ರಮವನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ರೂಪಿಸಿದರು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ, 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದೊಂದಿಗೆ ಅದು ವೈದ್ಯಶಾಸ್ತ್ರದಲ್ಲಿಯೂ ನೆಲೆಯೂರಿತು.

ಶಿರಹಟ್ಟಿಯಿಂದಲೋ ಸವಣೂರಿನಿಂದಲೋ ಎದೆಯ ಗಂಟಿನ ರಿಪೋರ್ಟು ಹಿಡಿದು ಹುಬ್ಬಳ್ಳಿಯ ಆಸ್ಪತ್ರೆಗೆ ಬಂದ ಮಹಿಳೆಗೆ ವೈದ್ಯರು "ನಿಮಗೊಪ್ಪಿಗೆ ಇದ್ದರೆ ಟ್ರಯಲ್‌ನಲ್ಲಿ ಸೇರಬಹುದು" ಎಂದಾಗ, ಆಕೆಯ ಬಾಯಿಂದ ಮೊದಲು ಬರುವುದು "ನನ್ನ ಮ್ಯಾಲ ಔಷಧ ಪರೀಕ್ಷಾ ಮಾಡ್ತೀರೇನ್ರಿ?" ಎಂಬ ಮಾತೇ. ಈ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಪೂರ್ತಿ ಉತ್ತರ ಸಿಗಬೇಕು.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ಮುಂದಾಳತ್ವದಲ್ಲಿ ಭಾರತದ 11 ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗವನ್ನೇ ನೋಡೋಣ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅಗ್ಗದ ಲಿಗ್ನೊಕೇನ್ ಔಷಧವನ್ನು, ಶಸ್ತ್ರಚಿಕಿತ್ಸೆಗೆ ಕೆಲವೇ ನಿಮಿಷ ಮೊದಲು ಗಂಟಿನ ಸುತ್ತ ಚುಚ್ಚಿದರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಯೇ ಎಂಬುದು ಅಲ್ಲಿದ್ದ ಪ್ರಶ್ನೆ. ಸುಮಾರು 1,600 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಚುಚ್ಚುಮದ್ದು ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದರು, ಉಳಿದವರಿಗೆ ಅದಿಲ್ಲದೆ ಮಾಡಿದರು; ನಂತರ ಬೇಕಾದ ಕೀಮೋ, ರೇಡಿಯೇಷನ್ ಎರಡೂ ಗುಂಪಿಗೆ ದೊರೆತವು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಐದು ವರ್ಷಗಳ ನಂತರ ಬದುಕಿದ್ದವರು ಚುಚ್ಚುಮದ್ದು ಪಡೆದ ಗುಂಪಿನಲ್ಲಿ ಶೇ. 90.1, ಪಡೆಯದ ಗುಂಪಿನಲ್ಲಿ ಶೇ. 86.4.

ನೂರಕ್ಕೆ ನಾಲ್ಕು ಜನ ಎಂಬುದು ಕೇಳಲು ಸಣ್ಣದು, ಆದರೆ ಆ ನಾಲ್ಕು ಮನೆಗಳಿಗೆ ಅದು ಸಣ್ಣದಲ್ಲ. ಇಷ್ಟು ಅಂತರವನ್ನು ಎಂತಹ ಅನುಭವಿ ವೈದ್ಯರೂ ಬರಿಗಣ್ಣಿನಿಂದ ಗುರುತಿಸಲಾರರು; ಏಕೆಂದರೆ ಒಬ್ಬ ರೋಗಿಯ ಗಂಟು ಚಿಕ್ಕದು, ಇನ್ನೊಬ್ಬರದು ಕಂಕುಳಿನ ಗ್ರಂಥಿಗಳಿಗೆ ಹಬ್ಬಿದ್ದು, ಮತ್ತೊಬ್ಬರ ವಯಸ್ಸು ಬೇರೆ, ಮತ್ತು ಈ ವ್ಯತ್ಯಾಸಗಳ ನಡುವೆ ಚುಚ್ಚುಮದ್ದಿನ ಗುಣ, ಎರಿ-ಮಸಾರಿಯ ನಡುವೆ ತಳಿಯ ಗುಣದಂತೆಯೇ, ಕಾಣದೆ ಹೋಗುತ್ತದೆ. ಸಾವಿರಾರು ಜನರನ್ನು ಚೀಟಿಯಿಂದ ಹಂಚಿದಾಗ ಈ ವ್ಯತ್ಯಾಸಗಳು ಎರಡೂ ಕಡೆ ಸರಿಸುಮಾರು ಸಮನಾಗಿ ಬೀಳುತ್ತವೆ. "ಯಾವ ಗುಂಪೆಂದು ನಾನೇ ಆರಿಸಬಾರದೇಕೆ?" ಎಂಬ ಪ್ರಶ್ನೆಗೆ ಉತ್ತರವೂ ಇದೇ.

ಚೀಟಿಯನ್ನು ಬಿಟ್ಟು ನಂಬಿಕೆಯ ಮೇಲೆ ನಡೆದಾಗ ಏನಾಯಿತೆಂಬುದನ್ನೂ ಹೇಳಬೇಕು. 1990ರ ದಶಕದಲ್ಲಿ ಅಮೆರಿಕದಲ್ಲಿ ಅಸ್ಥಿಮಜ್ಜೆ ಕಸಿಯೊಡನೆ ಅತಿ ಹೆಚ್ಚು ಪ್ರಮಾಣದ ಕೀಮೋ ಕೊಟ್ಟರೆ ಸ್ತನ ಕ್ಯಾನ್ಸರ್ ಮಣಿಯುತ್ತದೆಂದು ನಂಬಿ, ಸಾವಿರಾರು ಮಹಿಳೆಯರು ಪ್ರಯೋಗದ ಹೊರಗೆಯೇ ಆ ಯಾತನೆಯ ಚಿಕಿತ್ಸೆ ಪಡೆದರು. ಹೆಚ್ಚಿನವರು ಹೊರಗೇ ಪಡೆದದ್ದರಿಂದ ಪ್ರಯೋಗಗಳಿಗೆ ಜನ ಸೇರುವುದೇ ತಡವಾಯಿತು. ಸಾಮಾನ್ಯ ಕೀಮೋಗಿಂತ ಅದರಿಂದ ಹೆಚ್ಚು ದಿನ ಬದುಕುವುದಿಲ್ಲ ಎಂದು ಚೀಟಿಯಿಂದ ಹಂಚಿದ ಪ್ರಯೋಗಗಳಿಂದ ತಿಳಿಯತೊಡಗಿದ್ದು 1999ರಲ್ಲಿ.

ಪ್ರಯೋಗದಲ್ಲಿ ಸೇರಿದವರನ್ನು ಚಿಕಿತ್ಸೆಯಿಲ್ಲದೆ ಬಿಡುತ್ತಾರೆಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ಗುಣವಿದೆಯೆಂದು ಗೊತ್ತಿರುವ ಚಿಕಿತ್ಸೆ ಇರುವಲ್ಲಿ, ಹೋಲಿಕೆಯ ಗುಂಪಿಗೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಔಷಧವಿಲ್ಲದ ಹುಸಿ ಮಾತ್ರೆ ಇದ್ದರೂ ಅದು ಆ ಚಿಕಿತ್ಸೆಯ ಜೊತೆಗೆ. ಮೊದಲ ಹಂತದ ಪ್ರಯೋಗಗಳು ಬೇರೆ ಬಗೆಯವು: ಅಲ್ಲಿ ಕೆಲವೇ ಜನರಲ್ಲಿ ಹೊಸ ಔಷಧದ ಸುರಕ್ಷಿತ ಪ್ರಮಾಣವನ್ನು ಹುಡುಕುತ್ತಾರೆ. ಆದ್ದರಿಂದ ಇದು ಎಷ್ಟನೆಯ ಹಂತ ಎಂದು ಕೇಳಲೇಬೇಕು.

ಭಾರತದಲ್ಲಿ ಹೊಸ ಔಷಧಗಳ ಪ್ರಯೋಗಕ್ಕೆ 2019ರ ನಿಯಮಗಳಿವೆ. ಅದರಂತೆ ಕನಿಷ್ಠ ಏಳು ಜನರ ನೈತಿಕ ಸಮಿತಿ ಒಪ್ಪಬೇಕು; ಅದರಲ್ಲಿ ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ, ವೈದ್ಯಕೀಯ ಹಿನ್ನೆಲೆಯಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಪ್ರಯೋಗದಿಂದಾದ ಹಾನಿಗೆ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಓದಲು ಬಾರದವರಿಗೆ ಒಪ್ಪಿಗೆ ಪತ್ರವನ್ನು ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಓದಿ ಹೇಳಬೇಕು. ಯಾವ ದಿನವಾದರೂ ಕಾರಣ ಹೇಳದೆ ಹೊರಬರಬಹುದು. ಅದರಿಂದ ಎಂದಿನ ಚಿಕಿತ್ಸೆ ತಪ್ಪುವಂತಿಲ್ಲ. ಆ ಪತ್ರ ಕನ್ನಡದಲ್ಲಿರಬೇಕು, ಅದೂ ಧಾರವಾಡ ಸೀಮೆಯ ಓದುಗರಿಗೆ ಅರ್ಥವಾಗುವ ಕನ್ನಡದಲ್ಲಿರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಅದನ್ನು ಮನೆಗೆ ಒಯ್ದು ಮಗಳಿಗೋ ಗಂಡನಿಗೋ ಅಣ್ಣನಿಗೋ ತೋರಿಸಿ, ಎರಡು ದಿನ ಯೋಚಿಸಿಯೇ ಸಹಿ ಮಾಡಬೇಕು. ಔಷಧದ ಜೊತೆಗೆ ಸ್ಕ್ಯಾನಿನ ಖರ್ಚು ಯಾರದು, ಎಷ್ಟು ಸಲ ಬರಬೇಕು, ಹಾವೇರಿಯಿಂದ ಹುಬ್ಬಳ್ಳಿಗೆ ಬಂದು ಹೋಗುವ ಬಸ್ ಚಾರ್ಜು ಕೊಡುತ್ತಾರೆಯೇ ಎಂದು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಕಿರಿಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ, ಆಸ್ಪತ್ರೆಗೆ ಬರುವಷ್ಟರಲ್ಲಿ ಮುಂದುವರಿದಿರುತ್ತದೆ. ಆದ್ದರಿಂದ ಅಲ್ಲಿನ ಫಲಿತಾಂಶವನ್ನಷ್ಟೇ ನೆಚ್ಚಿಕೊಂಡರೆ ಸಾಲದು, ನಮ್ಮ ಮಹಿಳೆಯರ ಮೇಲಿನ ಫಲಿತಾಂಶವೂ ಬೇಕು.

ಸೇರಿದ ಮೇಲೆ ಮುಖ್ಯವಾದದ್ದು ತಪಾಸಣೆಗೆ ಮರಳಿ ಬರುವುದು. ಒಂದು ಕಾಲಕ್ಕೆ ಎದೆಯ ಸ್ನಾಯುವನ್ನೂ ಸೇರಿಸಿ ಸ್ತನವನ್ನು ತೆಗೆಯುವುದೇ ಚಿಕಿತ್ಸೆಯಾಗಿತ್ತು. ಗಂಟನ್ನಷ್ಟೇ ತೆಗೆದು ಸ್ತನ ಉಳಿಸಿದರೂ ಬದುಕುಳಿಯುವ ಪ್ರಮಾಣ ಕುಗ್ಗುವುದಿಲ್ಲವೆಂದು, ರೇಡಿಯೇಷನ್ ಕೊಟ್ಟರೆ ಅದೇ ಸ್ತನದಲ್ಲಿ ರೋಗ ಮರಳುವುದು ತೀರ ಕಡಿಮೆಯಾಗುತ್ತದೆಂದು ಅಮೆರಿಕದ ಬರ್ನಾರ್ಡ್ ಫಿಶರ್ ತೋರಿಸಿದರು. ಅವರ ಪ್ರಯೋಗ ಆರಂಭವಾದದ್ದು 1976ರಲ್ಲಿ, 20 ವರ್ಷಗಳ ಫಲಿತಾಂಶ ಹೊರಬಂದದ್ದು 2002ರಲ್ಲಿ. ಅಷ್ಟು ದೀರ್ಘ ಕಾಲ ಆ ಮಹಿಳೆಯರು ತಪಾಸಣೆಗೆ ಬರುತ್ತಲೇ ಇದ್ದುದರಿಂದ, ಇಂದು ಹುಬ್ಬಳ್ಳಿಯಲ್ಲಿ ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರು ಧೈರ್ಯವಾಗಿ ಮಾತಾಡಬಲ್ಲರು. ಫೋನ್ ನಂಬರ್ ಬದಲಾದರೆ, ಮಗನ ಜೊತೆ ಬೇರೆ ಊರಿಗೆ ಹೋದರೆ, ಪ್ರಯೋಗ ಕೇಂದ್ರಕ್ಕೆ ಒಂದು ಮಾತು ತಿಳಿಸಿರಿ.