ಬಯೊನೆಟ್‌ಗಳ ಕಂದಕದಲ್ಲಿ ಸೈನಿಕರು ನಿಂತಂತೆಯೇ ಸಮಾಧಿಯಾದರೇ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ವರ್ಡನ್ ರಣರಂಗದಲ್ಲಿ ಕಂದಕವೊಂದು ಕುಸಿದು, ದಾಳಿಗೆ ಸಜ್ಜಾಗಿ ನಿಂತಿದ್ದ ಫ್ರೆಂಚ್ ಸೈನಿಕರು ನಿಂತಂತೆಯೇ ಜೀವಂತ ಸಮಾಧಿಯಾದರಂತೆ, ಬಂದೂಕಿಗೆ ಸಿಕ್ಕಿಸಿದ ಅವರ ಚೂರಿಗಳ, ಅಂದರೆ ಬಯೊನೆಟ್‌ಗಳ ತುದಿ ಮಾತ್ರ ಮಣ್ಣಿನ ಮೇಲೆ ಉಳಿಯಿತಂತೆ. ಇದು ನಿಜವೇ?

ಉತ್ತರ: ನಿಜವಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನ್ನಲ್ಲಿ ಉಳಿದಿಲ್ಲ. ಆದ್ದರಿಂದ ಈ ಬಾರಿ ಕಾರಣಗಳನ್ನೂ ವಿವರವಾಗಿಯೇ ಬರೆಯುತ್ತೇನೆ.

1916ರ ಜೂನ್ ತಿಂಗಳಲ್ಲಿ 137ನೆಯ ಪದಾತಿ ರೆಜಿಮೆಂಟಿನ ಸೈನಿಕರು ವರ್ಡನ್ ರಣರಂಗದ ದುವೋಮೋಂ ಎಂಬಲ್ಲಿನ ಬಳಿ ಭೀಕರ ಫಿರಂಗಿ ದಾಳಿಗೆ ಸಿಕ್ಕಿ ಅಪಾರ ಸಂಖ್ಯೆಯಲ್ಲಿ ಮಡಿದರು. ಇದರಲ್ಲಿ ಸಂದೇಹವಿಲ್ಲ. ಯುದ್ಧ ಮುಗಿದ ಮೇಲೆ ಅಲ್ಲಿಗೆ ಹೋದವರಿಗೆ, ಮುಚ್ಚಿಹೋದ ಕಂದಕದ ಉದ್ದಕ್ಕೂ ಮಣ್ಣಿನಿಂದ ಸಾಲಾಗಿ ಹೊರಚಾಚಿದ್ದ ಬಂದೂಕುಗಳು ಕಂಡವು. ಕಣ್ಣಿಗೆ ಕಂಡದ್ದು ಇಷ್ಟೇ, ಉಳಿದದ್ದೆಲ್ಲ ಊಹೆ.

ಶೆಲ್ (ಫಿರಂಗಿಯ ಸಿಡಿಗುಂಡು) ಸಿಡಿದಾಗ ಏನಾಗುತ್ತದೆ ಎಂಬುದನ್ನು ಯೋಚಿಸಿ ನೋಡಿ. ಅದು ಮಣ್ಣನ್ನು ಎತ್ತಿ ನಾಲ್ಕು ದಿಕ್ಕಿಗೆ ಎಸೆದು ಗುಂಡಿ ತೋಡುತ್ತದೆಯೇ ಹೊರತು, ಉದ್ದನೆಯ ಕಂದಕವೊಂದನ್ನು ಸಮತಟ್ಟಾಗಿ, ಏಕಕಾಲಕ್ಕೆ, ಒಳಗಿರುವ ಒಬ್ಬನೂ ಅಲುಗದಂತೆ ತುಂಬುವುದಿಲ್ಲ. ಫಿರಂಗಿ ದಾಳಿ ನಡೆಯುತ್ತಿರುವಾಗ ಸೈನಿಕರು ನೆಟ್ಟಗೆ ನಿಲ್ಲುವುದೂ ಇಲ್ಲ, ನೆಲಕ್ಕೆ ಅವಚಿಕೊಂಡು ಮಲಗುತ್ತಾರೆ. ಇದು ಕೇವಲ ತರ್ಕವೆನ್ನುವವರಿಗೆ ಅಗೆತದ ಸಾಕ್ಷ್ಯವಿದೆ: ಅಲ್ಲಿ 21 ದೇಹಗಳು ಸಿಕ್ಕವು, ಅವುಗಳಲ್ಲಿ ಒಂದೂ ನಿಂತ ಭಂಗಿಯಲ್ಲಿ ಇರಲಿಲ್ಲ. ಗುರುತು ಸಿಕ್ಕ 14 ಮಂದಿಯನ್ನು ಬೇರೆ ಸ್ಮಶಾನಕ್ಕೆ ಒಯ್ದರು. ಗುರುತು ಸಿಗದ ಏಳು ಮಂದಿಯನ್ನು ಅಲ್ಲಿಯೇ ಮತ್ತೆ ಹೂಳಿದರು.

ಹಾಗಾದರೆ ಬಂದೂಕುಗಳು ಅಲ್ಲಿಗೆ ಹೇಗೆ ಬಂದವು? ಸತ್ತವರನ್ನು ಹತ್ತಿರದ ಕಂದಕದಲ್ಲೇ ಮಲಗಿಸಿ ಮಣ್ಣು ಮುಚ್ಚಿ, ಗುರುತಿಗೆ ಅವರ ಬಂದೂಕುಗಳನ್ನೇ ನೆಡುವುದು ಆ ಯುದ್ಧದಲ್ಲಿ ಸಾಮಾನ್ಯವಾಗಿತ್ತು. ಆ ನೆಲವನ್ನು ಗೆದ್ದ ಜರ್ಮನ್ ಸೈನಿಕರು ಶತ್ರುಗಳಿಗೆ ಮಾಡಿದ ಅಂತ್ಯಕ್ರಿಯೆ ಅದು ಎಂಬುದೇ ಹೆಚ್ಚು ಒಪ್ಪಿತವಾದ ವಿವರಣೆ. ವರ್ಡನ್‌ನಲ್ಲಿ ಸ್ವತಃ ಹೋರಾಡಿದ್ದ ಜಾಂ ನಾರ್ಟನ್ ಕ್ರೂ 1929ರಲ್ಲೇ ನಿಂತು ಸತ್ತವರ ಕಥೆಯನ್ನು ಖಂಡಿಸಿದ್ದರು.

ಕಥೆ ಬದುಕುಳಿಯಲು ಆ ಕಂದಕದ ಮೇಲೆ ಕಟ್ಟಿದ ಸ್ಮಾರಕವೇ ಒಂದು ಕಾರಣ. ಅಮೆರಿಕದ ಬ್ಯಾಂಕರ್ ಜಾರ್ಜ್ ರ‍್ಯಾಂಡ್ ಅದಕ್ಕಾಗಿ 5 ಲಕ್ಷ ಫ್ರಾಂಕ್ ನೀಡಿದರು. ಆಂದ್ರೆ ವಾಂತ್ರ್ ವಿನ್ಯಾಸಗೊಳಿಸಿದ ಆ ಭಾರೀ ಕಾಂಕ್ರೀಟ್ ಚಾವಣಿಯನ್ನು 1920ರ ಡಿಸೆಂಬರ್ 8ರಂದು ಫ್ರಾನ್ಸಿನ ಅಧ್ಯಕ್ಷ ಮಿಲ್ಲರಾಂ ಉದ್ಘಾಟಿಸಿದರು. ಅಲ್ಲಿನ ಬರಹವೇ ಈ ಸೈನಿಕರು ಬಂದೂಕು ಹಿಡಿದು ನಿಂತೇ ನಿದ್ರಿಸುತ್ತಿದ್ದಾರೆ ಎಂದು ಸಾರುತ್ತದೆ. ಕಥೆಯನ್ನು ಅಲ್ಲಗಳೆದರೆ ಮಡಿದವರಿಗೆ ಅವಮಾನವಾಗುತ್ತದೆ ಎಂದು ಕೆಲವರು ನೊಂದು ಬರೆಯುತ್ತಾರೆ. ಹಸಿವು, ಬಾಯಾರಿಕೆಗಳ ನಡುವೆ ಆ ನೆಲವನ್ನು ಕಾಯುತ್ತಲೇ ಸತ್ತವರ ಗೌರವಕ್ಕೆ ಅವರು ನಿಂತಿದ್ದರೆಂಬ ಕಲ್ಪನೆ ಏಕೆ ಬೇಕು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ವರ್ಡನ್ ರಣರಂಗದಲ್ಲಿ ಮಡಿದು ಗುರುತು ಸಿಗದ ಉಳಿದವರು ಎಲ್ಲಿದ್ದಾರೆ? ಹತ್ತಿರದಲ್ಲೇ ಇರುವ, 1932ರಲ್ಲಿ ಉದ್ಘಾಟನೆಯಾದ ದುವೋಮೋಂ ಅಸ್ಥಿಮಂದಿರದಲ್ಲಿ ಸುಮಾರು 1,30,000 ಅನಾಮಿಕ ಸೈನಿಕರ ಮೂಳೆಗಳಿವೆ. ಅವು ಫ್ರೆಂಚರವೂ ಹೌದು, ಜರ್ಮನ್ನರವೂ ಹೌದು. ಆದರೆ ರಣರಂಗದ ಯಾವ ಭಾಗದಲ್ಲಿ ಸಿಕ್ಕವು ಎಂಬುದನ್ನು ಅನುಸರಿಸಿ ಅವುಗಳನ್ನು ಬೇರೆಬೇರೆಯಾಗಿ ಇರಿಸಿದ್ದಾರೆ. ಹೀಗಾಗಿ, ಮಗ ಯಾವ ದಿಬ್ಬದಲ್ಲಿ ಕಾಣೆಯಾದನೆಂದು ಮಾತ್ರ ಗೊತ್ತಿದ್ದ ತಾಯಿಗೆ ಯಾವ ಶಿಲಾಪೆಟ್ಟಿಗೆಯ ಮುಂದೆ ನಿಲ್ಲಬೇಕೆಂಬುದಾದರೂ ತಿಳಿಯುತ್ತಿತ್ತು.