‘ಬಂದ್’ ಎನ್ನುವ ಹಕ್ಕು ಆಲೆಮನೆಯಲ್ಲಿ ಯಾರಿಗಿದೆ?

ಕಬ್ಬು ಅರೆಯುವ ಗಾಣ ನೋಡುವುದಕ್ಕೆ ಬಲು ನಿಧಾನ. ಆ ನಿಧಾನವೇ ಮೋಸ. ರೋಲರಿನ ವ್ಯಾಸ 30 ಸೆಂ.ಮೀ., ನಿಮಿಷಕ್ಕೆ 10 ಸುತ್ತು ಎಂದಿಟ್ಟುಕೊಳ್ಳಿ. ಅದರ ಮೈ ಸೆಕೆಂಡಿಗೆ ಸುಮಾರು 16 ಸೆಂ.ಮೀ. ಸರಿಯುತ್ತದೆ. ನಡುಬೆರಳ ತುದಿಯಿಂದ ಮಣಿಕಟ್ಟಿನವರೆಗೆ ನಮ್ಮ ಕೈಯ ಉದ್ದ 18–19 ಸೆಂ.ಮೀ. ಅಂದರೆ ಉಗುರು ಸಿಕ್ಕ ಮೇಲೆ ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಅಂಗೈ ಒಳಗಿರುತ್ತದೆ. ಕೂಗಿದ್ದು ಇನ್ನೊಬ್ಬನಿಗೆ ಕೇಳಿ, ಅವನು ತಿರುಗಿ ನೋಡಿ, ಗೋಡೆಯ ಸ್ವಿಚ್ಚಿಗೆ ಓಡುವುದಕ್ಕೆ ಮೂರು ನಾಲ್ಕು ಸೆಕೆಂಡು ಬೇಕು. ಕರೆಂಟು ತೆಗೆದ ಮೇಲೂ ಗಾಲಿಯ ಭಾರ ಗಾಣವನ್ನು ಇನ್ನಷ್ಟು ಸುತ್ತಿಸುತ್ತದೆ. ‘ಹುಷಾರಾಗಿ ಕಬ್ಬು ಕೊಡಪ್ಪ’ ಎಂಬ ಬುದ್ಧಿಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ನಿಲ್ಲುವುದು ದೂರ ಮಾತ್ರ. ಕಬ್ಬು ತೂರಿಸುವ ತಗಡಿನ ದೋಣಿಯ ಬಾಯಿ 12 ಸೆಂ.ಮೀ.ಗಿಂತ ಎತ್ತರವಿರಬಾರದು, ಆ ಬಾಯಿಂದ ರೋಲರು ಕಚ್ಚುವ ಜಾಗಕ್ಕೆ ಕನಿಷ್ಠ 85 ಸೆಂ.ಮೀ. ಇರಬೇಕು. ತೋಳನ್ನು ಭುಜದವರೆಗೆ ತೂರಿಸಿದರೂ ಬೆರಳು ಮುಟ್ಟದಷ್ಟು ದೂರ ಅದು. ಯಂತ್ರಗಳ ಕಾವಲಿಗೆ ಜಗತ್ತಿನ ಬಹುಪಾಲು ಕಡೆ ಬಳಸುವ ಅಳತೆಯೂ ಇದೇ. ಮೇಲ್ಗಡೆ ತೆರೆದಿದ್ದರೆ ದೋಣಿ ಇದ್ದೂ ಇಲ್ಲದಂತೆ, ಮುಚ್ಚಳಕ್ಕೂ ಬೋಲ್ಟು ಹಾಕಬೇಕು. ಲೇತ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಪಂಚೆಯ ತುದಿ, ಹೆಗಲ ಟವೆಲು, ಸೆರಗು ಗಾಣದ ಹತ್ತಿರ ಸುಳಿಯಬಾರದು. ನಾರು ಚುಚ್ಚುತ್ತದೆಂದು ಕೈಗವಸು ಹಾಕಿಕೊಳ್ಳುವವರಿದ್ದಾರೆ, ಅದೂ ಬೇಡ. ಬಟ್ಟೆ ಸಿಕ್ಕರೆ ಕೈಯನ್ನು ಅದೇ ಎಳೆದೊಯ್ಯುತ್ತದೆ.

ಇನ್ನು ಸ್ಟಾರ್ಟರು. ಮಂಡ್ಯ ಸೀಮೆಯಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಎದ್ದು ಹೋಗುವ ಕಷ್ಟ ತಪ್ಪಿಸಲು ರೈತರು ಕರೆಂಟು ಬಂದೊಡನೆ ಮೋಟರನ್ನು ತಾನೇ ಓಡಿಸುವ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿರುತ್ತಾರೆ. ಪಂಪಿಗೆ ಅದು ವರ. ಅದೇ ಪೆಟ್ಟಿಗೆಯನ್ನು ಗಾಣದ ಮೋಟರಿಗೆ ಹಾಕಿದರೆ, ಕರೆಂಟು ಹೋಗಿದೆಯೆಂದು ರೋಲರಿನ ನಾರು ಕೀಳುತ್ತಿರುವವನ ಕೈ ಕೆಳಗೇ ಗಾಣ ತಿರುಗತೊಡಗುತ್ತದೆ. ಸಾಮಾನ್ಯ ಡಿ.ಒ.ಎಲ್. ಸ್ಟಾರ್ಟರಿನಲ್ಲಿ ಕರೆಂಟು ಹೋದೊಡನೆ ಒಳಗಿನ ಕಾಯಿಲ್ ಹಿಡಿತ ಬಿಡುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವವರೆಗೂ ಮೋಟರು ಸುಮ್ಮನಿರುತ್ತದೆ. ಗಾಣಕ್ಕೆ ಬೇಕಾದ್ದು ಅದು. ಅದರ ಸ್ಟಾಪ್ ಸರ್ಕ್ಯೂಟಿಗೆ ಅಣಬೆಯಾಕಾರದ ಕೆಂಪು ಗುಂಡಿಯೊಂದನ್ನು ಸೇರಿಸಿ, ಕಬ್ಬು ಕೊಡುವವನ ತೊಡೆಗೋ ಮೊಣಕಾಲಿಗೋ ತಾಗುವಂತೆ ಕೂರಿಸಬೇಕು. ಸಿಕ್ಕಿಕೊಂಡವನ ಕೈ ಖಾಲಿ ಇರುವುದಿಲ್ಲವಲ್ಲ.

ಗಾಣ ಕಚ್ಚಿಕೊಂಡಾಗಲಂತೂ ಕ್ರಮ ಒಂದೇ: ಮೋಟರು ನಿಲ್ಲಿಸು, ಮೇನ್ ಸ್ವಿಚ್ ಇಳಿಸು, ಮೂರೂ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೋ, ಗುಂಡಿ ಒತ್ತಿ ಗಾಣ ಅಲ್ಲಾಡುವುದಿಲ್ಲ ಎಂದು ನೋಡು, ಆಮೇಲೆ ಕೈ ಹಾಕು. ಫ್ಯೂಸು ಇರಬೇಕಾದ್ದು ಒಳಗೆ ಕೈ ಹಾಕುವವನ ಜೇಬಿನಲ್ಲೇ, ಮೇಸ್ತ್ರಿಯ ಜೇಬಿನಲ್ಲಲ್ಲ. ಡೀಸೆಲ್ ಎಂಜಿನ್ ಆದರೆ ಎಂಜಿನ್ ಆರಿಸಿ ಬೆಲ್ಟು ಕಳಚಬೇಕು.

ಒಲೆಯ ಕಡೆಗೆ ಬಂದರೆ ಲೆಕ್ಕ ಇನ್ನೂ ಸ್ವಾರಸ್ಯದ್ದು. 1,600 ಕೆ.ಜಿ. ಕಬ್ಬು ಅರೆದರೆ ಸುಮಾರು 1,000 ಕೆ.ಜಿ. ಹಾಲು, 600 ಕೆ.ಜಿ. ಹಸಿ ರಚ್ಚು, ಅಂದರೆ ಹಿಂಡಿ ಉಳಿದ ಸಿಪ್ಪೆ. ಹಾಲಿನಲ್ಲಿ ಕರಗಿರುವ ಸಕ್ಕರೆ ಮುಂತಾದ್ದು ಶೇ 18 ಎಂದರೆ ಬೆಲ್ಲ ಆಗುವ ಹೊತ್ತಿಗೆ 810 ಕೆ.ಜಿ. ನೀರು ಆವಿಯಾಗಬೇಕು. ಹಾಲು ಕಾಯಿಸುವುದೂ ಸೇರಿ ಬೇಕಾಗುವ ಶಾಖ ಸುಮಾರು 2,100 ಮೆಗಾಜೂಲ್. ಬಿಸಿಲಲ್ಲಿ ಒಣಗಿಸಿದರೆ ಆ ರಚ್ಚು 340 ಕೆ.ಜಿ.ಗೆ ಇಳಿಯುತ್ತದೆ, ಕೆ.ಜಿ.ಗೆ ಸುಮಾರು 15ರಂತೆ 5,100 ಮೆಗಾಜೂಲ್ ಕೊಡುತ್ತದೆ. ಒಲೆ ಶೇ 42ರಷ್ಟು ಶಾಖವನ್ನು ಕೊಪ್ಪರಿಗೆಗೆ ಮುಟ್ಟಿಸಿದರೆ ಹೊರಗಿನ ಸೌದೆಯೇ ಬೇಡ. ಹಸಿಯಾಗೇ ಸುಟ್ಟರೆ? ಕಾಗದದ ಮೇಲೆ ನಷ್ಟ ಎಂಟರಲ್ಲಿ ಒಂದು ಪಾಲು ಮಾತ್ರ. ಒಲೆಯೊಳಗೆ ಆಗುವುದು ಬೇರೆ: ಉರಿಯ ಬಿಸಿ ಇಳಿಯುತ್ತದೆ, ಅರೆಬೆಂದ ಅನಿಲ ಹೊಗೆಯಾಗಿ ಚಿಮಣಿಯಿಂದಲೂ ಒಲೆಬಾಯಿಂದಲೂ ಹೊರಬೀಳುತ್ತದೆ, ಕುದಿ ನಿಧಾನವಾಗುತ್ತದೆ. ಆಗ ಹಳೇ ಟೈರು, ಪ್ಲಾಸ್ಟಿಕ್ ಹಾಕುವ ಆಸೆ ಹುಟ್ಟುತ್ತದೆ. ಉರಿ ಹಾಕುವವನ ಶ್ವಾಸಕೋಶಕ್ಕೂ ಸುತ್ತಲಿನ ಊರಿಗೂ ಅದರಿಂದಲೇ ಕೇಡು. ಒಣ ರಚ್ಚನ್ನು ಎರಡು ಮೂರು ದಿನ ಮುಂದಾಗಿ ಕೂಡಿಟ್ಟುಕೊಳ್ಳುವುದು ಇಂಧನದ ಉಳಿತಾಯವೂ ಹೌದು, ಸುರಕ್ಷತೆಯೂ ಹೌದು. ಬಣವೆ ಮಾತ್ರ ಒಲೆಯ ಕಿಡಿ ಹಾರದಷ್ಟು ದೂರ, ಗಾಳಿ ಬೀಸಿ ಬರುವ ಮಗ್ಗುಲಲ್ಲಿ ಇರಬೇಕು.

ಹಾಕುವ ಬಗೆಯೂ ಮುಖ್ಯ. ದೊಡ್ಡ ಹೊರೆಯನ್ನು ಒಮ್ಮೆಗೇ ತುರುಕಿದರೆ ಒಲೆ ಉಸಿರುಗಟ್ಟಿ ಹೊಗೆ ತುಂಬಿಕೊಳ್ಳುತ್ತದೆ. ಗಾಳಿ ಸಿಕ್ಕೊಡನೆ ಅದು ಭಗ್ಗನೆ ಹತ್ತಿ ಒಲೆಬಾಯಿಗೆ ನುಗ್ಗುತ್ತದೆ, ಹುಬ್ಬು ಸುಡುವುದು ಹೀಗೆ. ಹಿಡಿ ಹಿಡಿಯಾಗಿ, ಬಿಡುವಿಲ್ಲದೆ ಹಾಕಿದರೆ ಹೊಗೆಯೂ ಕಡಿಮೆ, ಕುದಿಯೂ ಒಂದೇ ಸಮ.

ಕೊಪ್ಪರಿಗೆಯ ಅಪಾಯ ಬೇರೆ ತರಹದ್ದು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಪಾಕ ಗಟ್ಟಿಯಾದಂತೆ ಕುದಿಬಿಂದು ಏರಿ, ಇಳಿಸುವ ಹದದಲ್ಲಿ 118 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮವನ್ನು ಸುಡಬಲ್ಲದು. ಚೆಲ್ಲಿದ ನೀರಾದರೂ ಮೈಮೇಲಿಂದ ಹರಿದುಹೋಗುತ್ತದೆ, ಪಾಕ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಹಾಲು ಕೊಪ್ಪರಿಗೆಯ ಅರ್ಧಕ್ಕಿಂತ ಮೇಲೆ ಬರಬಾರದು. ನೊರೆ ಉಕ್ಕಿದಾಗ ಹಾಕುವ ನಾಲ್ಕು ಹನಿ ಹರಳೆಣ್ಣೆ ಗುಳ್ಳೆಗಳ ಪೊರೆ ಒಡೆದು ಅದನ್ನು ಕೂರಿಸುತ್ತದೆ. ಎಣ್ಣೆ ಕೈಗೆಟಕುವಲ್ಲೇ ಇರಲಿ. ಕೊಪ್ಪರಿಗೆಯ ಅಂಚು ನೆಲಮಟ್ಟಕ್ಕಿದ್ದರೆ ಸುತ್ತ ಮೊಣಕಾಲೆತ್ತರದ ಕಟ್ಟೆಯಾದರೂ ಬೇಕು, ಮಡ್ಡಿ ಚೆಲ್ಲಿದ ನೆಲ ಸೋಪಿನಷ್ಟೇ ಜಾರುತ್ತದೆ. ಸುಟ್ಟಾಗ ಪಾಕವನ್ನು ಕೆರೆದು ತೆಗೆಯಬೇಡಿ. ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಿರಿ. ಬಿಸಿಯೂ ಇಳಿಯುತ್ತದೆ, ಸಕ್ಕರೆಯೂ ಕರಗಿಹೋಗುತ್ತದೆ. ಊದುವ ಮೊದಲೇ ಉಂಗುರ, ಕಡಗ, ಬಳೆ ಕಳಚಿ, ಒಗೆದ ಬಟ್ಟೆ ಹೊದಿಸಿ 108ಕ್ಕೆ ಕರೆ ಮಾಡಿ. ಪೇಸ್ಟು, ಇಂಕು, ಅರಿಸಿನ, ಐಸು ಯಾವುದೂ ಬೇಡ.

ಬೆಲ್ಲ ಬೆಳ್ಳಗಾಗಲಿ ಎಂದು ಹಾಕುವ, ಗಂಧಕದ ಅಂಶವಿರುವ ಹೈಡ್ರೋಸ್ ಪುಡಿಯ ಬಗ್ಗೆ ಒಂದು ಮಾತು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕೆ.ಜಿ.ಗೆ 70 ಮಿ.ಗ್ರಾಂ ಮೀರಬಾರದೆಂಬ ನಿಯಮ ತಿನ್ನುವವರಿಗಾಗಿ. ಪಾಕದ ಮೇಲೆ ಬಗ್ಗಿ ನಿಂತವನಿಗೆ ಅದೇ ಅನಿಲ ನೇರ ಮೂಗಿಗೆ ಬಡಿಯುತ್ತದೆ. ಸ್ವಲ್ಪ ನೀರು ತಾಗಿದರೂ ಆ ಪುಡಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬೆಂಡೆಯ ಲೋಳೆಯೂ ಹದವಾದ ಸುಣ್ಣವೂ ಮಡ್ಡಿ ತೆಗೆಯಲು ಸಾಕು. ಬಣ್ಣ ಕಂದಾದರೆ ಆಗಲಿ.

ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಕಡೆಯವರು ಬಹಳ. ಊರಿನ ಚಳಿಯಿಂದ ಬಂದು ಇಳಿದವರನ್ನು ಮರುದಿನವೇ ಪೂರ್ತಿ ಪಾಳಿ ಒಲೆಯ ಮುಂದೆ ನಿಲ್ಲಿಸುವುದುಂಟು. ಬೆವರುವ ವ್ಯವಸ್ಥೆ ಕಾವಿಗೆ ಪಳಗಲು ದೇಹಕ್ಕೆ ವಾರವಾದರೂ ಬೇಕು. ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು, ದಿನಕ್ಕೊಂದು ಪಾಲು ಏರಿಸಿ ಐದನೆಯ ದಿನ ಪೂರ್ತಿ. 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ನಡುನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ. ಬಾಯಾರಿಕೆ ಆಗಲಿ ಎಂದು ಕಾಯುವಂತಿಲ್ಲ. ಮಾತು ತೊದಲಿದರೆ, ನಡೆ ತಪ್ಪಿದರೆ ಅದು ದಣಿವಲ್ಲ. ನೆರಳಿಗೆ ಒಯ್ದು, ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು.

1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್‌ನಂಥ ಸಕ್ಕರೆ ಕಾರ್ಖಾನೆಗೆ ಕಾಯ್ದೆಯ ಕಣ್ಣಿದೆ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವಲ್ಲಿ 10 ಜನರಿಂದ ಲೆಕ್ಕ ಹಿಡಿದಿತ್ತು, ಕೆಲಸದ ಸುರಕ್ಷತೆಯ 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಏಳೆಂಟು ಜನರ ಆಲೆಮನೆ ಎರಡರ ಕೈಗೂ ಸಿಗುವುದಿಲ್ಲ. ಅಲ್ಲಿ ಕಾಯ್ದೆಗಿಂತ ಗಟ್ಟಿಯಾದದ್ದು ಕೂಲಿಯ ಲೆಕ್ಕ. ಕೊಪ್ಪರಿಗೆಗೆ ಇಷ್ಟು ಎಂದು ಕೂಲಿ ಕಟ್ಟಿದ ಕಡೆ ಗಾಣ ನಿಲ್ಲಿಸಿದವನು ತನ್ನ ಜೊತೆಗಾರರೆಲ್ಲರ ದುಡ್ಡು ಕಳೆದಂತೆ. ಅದಕ್ಕೇ ಫ್ಯೂಸು ಕೀಳದೆ, ತಿರುಗುವ ಗಾಣಕ್ಕೇ ಕೋಲು ತೂರಿಸುತ್ತಾರೆ. ಏಳು ಜನಕ್ಕೆ 10 ಗಂಟೆಗೆ ತಲಾ 700 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ. ಗಾಣ 20 ನಿಮಿಷ ನಿಂತರೆ ಇಡೀ ತಂಡಕ್ಕೆ ಕಟ್ಟಿಕೊಡಬೇಕಾದ್ದು 163 ರೂಪಾಯಿ. ನಿಂತ ಹೊತ್ತಿಗೂ ಕೂಲಿ ಎಂದು ಮಾಲೀಕ ಮುಂಗಡ ಕೊಡುವ ದಿನವೇ ಮೇಸ್ತ್ರಿಯ ಎದುರಲ್ಲಲ್ಲ, ಎಲ್ಲರ ಎದುರು ಹೇಳಬೇಕು.

ಕೂಗುವ ಪದವೂ ಅಂದೇ ಗೊತ್ತಾಗಲಿ. ಒಬ್ಬ ‘ನಿಲ್ಸು’ ಎಂದು, ಇನ್ನೊಬ್ಬ ‘ರೋಕೋ’ ಎಂದು ಕೂಗಿದರೆ ಆ ಒಂದು ಸೆಕೆಂಡು ಅರ್ಥ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ‘ಬಂದ್’ ಎಂದರೆ ಕನ್ನಡದವನಿಗೂ ಗೊತ್ತು, ಹಿಂದಿಯವನಿಗೂ ಗೊತ್ತು. ಅದನ್ನು ಕೂಗಲು ಯಾರ ಅಪ್ಪಣೆಯೂ ಬೇಡ. ಸುಳ್ಳೇ ಕೂಗಿದರೆಂದು ಬೈಯುವಂತಿಲ್ಲ.

ಗಾಣದ ಕಂಬಕ್ಕೆ ಒಂದು ನೋಟ್‌ಬುಕ್ ತೂಗುಹಾಕಿ: ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ನಿಮಿಷ, ಏಕೆ. ಹೆಸರು ಬರೆಯುವುದು ಬೇಡ, ಹೆಸರು ಬಂದರೆ ಬರೆಯುವವರಿರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಕೂತು ಓದಿದರೆ, ಗಾಣ ಕಚ್ಚಿಕೊಳ್ಳುವುದಕ್ಕೆ ಗಾಣವೇ ಕಾರಣವಲ್ಲ ಎಂಬುದು ಎಷ್ಟೋ ಸಲ ಹೊರಬೀಳುತ್ತದೆ: ತರಗು ಸುಲಿಯದ ಜಲ್ಲೆ, ಮಣ್ಣು ಹಿಡಿದ ಬುಡ, ಒಂದೇ ಬಾರಿಗೆ ನೂಕಿದ ದಪ್ಪ ಕಟ್ಟು. ಆಗ ಮಾತಾಡಬೇಕಾದ್ದು ಗದ್ದೆಯಲ್ಲಿ ಕಬ್ಬು ಕಡಿಯುವ ಗುಂಪಿನ ಜೊತೆ.