ಓಪನ್ ಸೋರ್ಸ್ ಅಂತೆ, ಆದರೆ ಯಾರೂ ಮುಟ್ಟಬಾರದಂತೆ!

ತಮ್ಮ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ) ಸಾಫ್ಟ್‌ವೇರ್‌ನ ಲೈಸೆನ್ಸ್ ನನಗೆ ತೋರಿಸಲು ಬರುವವರಲ್ಲಿ ಅನೇಕರು ಕೊನೆಗೆ ಒಂದು ಸಾಲನ್ನು ತಾವೇ ಸೇರಿಸಿರುತ್ತಾರೆ: ‘ನಮ್ಮ ಒಪ್ಪಿಗೆ ಇಲ್ಲದೆ ಕೋಡ್ ಬದಲಾಯಿಸುವಂತಿಲ್ಲ.’ ಮೇಲೆ ಯಾರು ಬೇಕಾದರೂ ಬದಲಿಸಿ ಎನ್ನುವ ಎಂಐಟಿ ಲೈಸೆನ್ಸ್, ಕೆಳಗೆ ಇದು. ಈ ಸಾಲು ಬಿದ್ದ ಮೇಲೆ ಅದು ಎಂಐಟಿಯೂ ಅಲ್ಲ, ಓಪನ್ ಸೋರ್ಸೂ ಅಲ್ಲ.

ಯಾಕೆ ಅಂತ ಕೇಳಿದರೆ, ಯಾರೋ ಕೋಡ್ ಕೆಡಿಸುತ್ತಾರೆ, ಜನ ನಮ್ಮನ್ನು ಬೈಯುತ್ತಾರೆ ಅನ್ನುತ್ತಾರೆ. ಭಯ ನಿಜವೇ. ಆದರೆ ನೀವು ಹೆದರುತ್ತಿರುವುದು ನಿಮ್ಮ ಹೆಸರು ಕೆಡುತ್ತದೆ ಅಂತ. ಹಾಗಿದ್ದರೆ ಹೆಸರನ್ನು ಕಾಯಿರಿ. ಕೋಡ್‌ಗೆ ಯಾಕೆ ಬೀಗ?

ಯಾವ ಲೈಸೆನ್ಸನ್ನು ಓಪನ್ ಸೋರ್ಸ್ ಅನ್ನಬಹುದು ಎಂದು ಹೇಳುವ ‘ಓಪನ್ ಸೋರ್ಸ್ ವ್ಯಾಖ್ಯೆ’ಯ 4ನೇ ಅಂಶ ಇರುವುದೇ ಇದಕ್ಕೆ. ಬದಲಿಸಿದ್ದಕ್ಕೆ ಬೇರೆ ಹೆಸರು ಅಥವಾ ಬೇರೆ ಆವೃತ್ತಿ ಸಂಖ್ಯೆ ಇಡಿ ಎಂದು ನೀವು ಷರತ್ತು ಹಾಕಬಹುದು. ಮೂಲ ಕೋಡ್ ಹಾಗೇ ಇರಲಿ, ಬದಲಾವಣೆಯನ್ನಷ್ಟೇ ಬೇರೆ ಫೈಲ್‌ನಲ್ಲಿ, ಅಂದರೆ ಪ್ಯಾಚ್ ಆಗಿ, ಜೊತೆಗೆ ಕೊಡಿ ಎಂದೂ ಹೇಳಬಹುದು. ಆದರೆ ಬದಲಾದ ಕೋಡ್‌ನಿಂದ ತಯಾರಿಸಿದ ಸಾಫ್ಟ್‌ವೇರ್ ಹಂಚಲು ಬಿಡಲೇಬೇಕು. ಪ್ಯಾಚ್ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ, ಸುಮ್ನೆ ಕಿರಿಕಿರಿ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಟೆಕ್ (TeX) ಎಂಬ ಅಕ್ಷರ ಜೋಡಣೆ ಸಾಫ್ಟ್‌ವೇರ್ ನೋಡಿ. ಕೋಡ್ ಬಳಸಿಕೊಳ್ಳಿ, ಬದಲಿಸಿದರೆ ಅದನ್ನು ಟೆಕ್ ಅನ್ನಬೇಡಿ, ಅಷ್ಟೇ. ಪಿಡಿಎಫ್‌ಟೆಕ್, ಲುವಾಟೆಕ್ ಎಲ್ಲ ಹಾಗೆ ಬೇರೆ ಹೆಸರಲ್ಲೇ ಬೆಳೆದವು. (ಅವರು ಟೆಕ್‌ನ ಆವೃತ್ತಿ ಸಂಖ್ಯೆಯನ್ನೂ ‘ಪೈ’ಗೆ ಒಂದೊಂದೇ ಅಂಕೆ ಹತ್ತಿರ ತರುತ್ತಾರೆ. ಅಷ್ಟು ಅಚ್ಚುಕಟ್ಟಿನ ಮನುಷ್ಯನೇ ಕೋಡ್ ಬಿಟ್ಟುಕೊಟ್ಟಿದ್ದಾರೆ ಅಲ್ವಾ?)

ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನವರು ಫೈರ್‌ಫಾಕ್ಸ್ ಬ್ರೌಸರ್‌ಗೆ ತಮ್ಮ ಪ್ಯಾಚ್ ಹಾಕಿ ಹಂಚುತ್ತಿದ್ದರು. 2006ರಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆ ಆ ಹೆಸರಿನ ಬಳಕೆ ಬಗ್ಗೆ ತಕರಾರು ತೆಗೆಯಿತು. ಡೆಬಿಯನ್ ಅದನ್ನು ಐಸ್‌ವೀಸಲ್ ಎಂದು ಕರೆದು ಹಂಚುತ್ತಲೇ ಇತ್ತು. 2016ರಲ್ಲಿ ಹಳೆಯ ಹೆಸರು ಮರಳಿತು. ಜಗಳ ನಡೆದದ್ದು ಟ್ರೇಡ್‌ಮಾರ್ಕ್ ಮೇಲೆ, ಲೈಸೆನ್ಸ್ ಮೇಲಲ್ಲ.

ಇಷ್ಟೆಲ್ಲ ಕೇಳಿದ ಒಬ್ಬರು, ಒಬ್ಬರೇ ಕೂತು ಒಂದು ಒಳ್ಳೆಯ ಲೈಬ್ರರಿ (ಬೇರೆ ಪ್ರೋಗ್ರಾಂಗಳಲ್ಲಿ ಬಳಸಿಕೊಳ್ಳುವ ಸಿದ್ಧ ಕೋಡ್) ಬರೆದವರು, ಮೆಲ್ಲಗೆ ಕೇಳಿದರು: “ಸರ್, ಹೆಸರು ಬದಲಿಸಿ ನನಗಿಂತ ಚೆನ್ನಾಗಿ ಮಾಡಿಬಿಟ್ಟರೆ?” ಪಾಪ, ನಿಜವಾದ ಭಯ ಅದು. ಅದಕ್ಕೆ ಷರತ್ತು ಬರೆಯಲು ನನಗೆ ಬರುವುದಿಲ್ಲ ಅಂದೆ.

ಹೆಚ್ಚಿನವರಿಗೆ ಅಪಾಚೆ 2.0 ಎಂಬ ಓಪನ್ ಸೋರ್ಸ್ ಲೈಸೆನ್ಸ್ ಸಾಕಾಗುತ್ತದೆ. ತಿದ್ದಿದ ಫೈಲ್‌ಗಳಲ್ಲಿ ತಿದ್ದಿದ್ದೇವೆ ಎಂದು ಹೇಳಬೇಕು, ಟ್ರೇಡ್‌ಮಾರ್ಕ್ ಬಳಕೆಗೆ ಅನುಮತಿ ಇಲ್ಲ ಎಂದು ಅದರಲ್ಲೇ ಇದೆ. ಹೊಸ ಸಾಲು ಬೇಕಿಲ್ಲ. ಹೆಸರಿನ ಬಳಕೆಗೆ ಬೇರೆಯೇ ಒಂದು ಪುಟ ಬರೆದಿಡಿ. ಟ್ರೇಡ್‌ಮಾರ್ಕ್ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಹಾಗಾಗಿ ಅಲ್ಲಿನ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಅದಕ್ಕೂ ಮೊದಲು, ಆ ಹೆಸರನ್ನು ಬೇರೆ ಯಾರಾದರೂ ಆಗಲೇ ನೋಂದಾಯಿಸಿದ್ದಾರಾ ಅಂತ ಹುಡುಕಿ ನೋಡಿ.